ಗುಲಾಬಿ ಮಾಸ್ಕಿಗೆ ಬಿಸಿಲು

ಗುರುಸಿದ್ದ,

ಆರೂವರೆ ಬಸ್ಸಿಗೆ ಚಾಮರಾಜನಗರಕ್ಕೆ, ಆಸ್ಪತ್ರೆ ಡ್ಯೂಟಿಗೆ ಹೊರಟೆ. ನಿನ್ನ ಟಿ.ಬಿ. ಮಾತ್ರೆ ಗೂಡಿನಲ್ಲಿದೆ, ತಿಂಡಿಗೆ ಮೊದಲೇ ನುಂಗು. ಬಾಯಲ್ಲಿಟ್ಟುಕೊಂಡು ಆಮೇಲೆ ಹಿತ್ತಲಲ್ಲಿ ಉಗಿಯಬೇಡ. ನಿನ್ನೆ ಉಗಿದದ್ದನ್ನು ನೋಡಿದ್ದೇನೆ.

ಮುಂದಿನದನ್ನು ಅಮ್ಮನಿಗೆ ಓದಿ ಹೇಳು.

ಅಮ್ಮ, ಇವನಿಗೆ ಊಟ ಕೊಡುವಾಗ ನೀನು ಕಟ್ಟಿಕೊಳ್ಳುವ ಗುಲಾಬಿ ಮಾಸ್ಕನ್ನು ಅಂಗಳದ ತಂತಿಗೆ ಹಾಕಿದ್ದೇನೆ. ಮಧ್ಯಾಹ್ನದವರೆಗೂ ತೆಗೆಯಬೇಡ. ಒಳ್ಳೆ ಸೀರೆಯ ಹಾಗೆ ಅದನ್ನು ನೆರಳಲ್ಲಿ ಒಣಗಿಸಿ ಟ್ರಂಕಿನಲ್ಲಿ ಮಡಿಸಿಡುತ್ತಿದ್ದೀಯ ಅಂತ ನನಗೆ ನಿನ್ನೆಯೇ ಗೊತ್ತಾದದ್ದು. ಕೇಳಿದರೆ, "ಬಿಸ್ಲಿಗಾಕುದ್ರೆ ಬಣ್ಣ ಒಂಟೋಯ್ತದೆ ಕಣಮ್ಮಿ" ಅಂದೆ. ಆ ಬಣ್ಣವೇ ಔಷಧಿ ಅಮ್ಮ. ಬೆಳಕು ಬಿದ್ದರೆ ಮಾತ್ರ ಅದು ರೋಗದ ಕ್ರಿಮಿಯನ್ನು ಕೊಲ್ಲುತ್ತದೆ. ಕತ್ತಲಲ್ಲಿ ಅದು ಬರೀ ಬಟ್ಟೆ. ಬಣ್ಣ ಹೋದರೆ ಹೋಗಲಿ, ಬೇರೆ ತರುತ್ತೇನೆ.

ಗುರುಸಿದ್ದ, ಜೋರಾಗಿ ಓದುವುದನ್ನು ಇಲ್ಲಿಗೆ ನಿಲ್ಲಿಸು. ಉಳಿದದ್ದು ನಿನಗೆ.

ಅಮ್ಮನ ಕಫದ ರಿಪೋರ್ಟ್ ನಿನ್ನೆ ಬಂತು. ನಿನ್ನದೇ ಕಾಯಿಲೆ. ಸಂಜೆ ನಾನೇ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ಮುಖದಲ್ಲಿ ತೋರಿಸಿಕೊಳ್ಳಬೇಡ. ನೆರಳಲ್ಲಿ ಒಣಗಿಸಿದ್ದಕ್ಕೇ ಹೀಗಾಯಿತು ಅಂತ ಯಾವತ್ತೂ ಅವಳಿಗೆ ಅನ್ನಬೇಡ. ಬಳಸಿ ನೋಡಿ ಎಂದು ಆ ಮಾಸ್ಕ್ ಕೊಟ್ಟ ಡಾಕ್ಟರು, ದಿನಾ ಬಿಸಿಲಿಗೆ ಹಾಕಬೇಕು ಅಂತ ನನಗೆ ಎರಡು ಸಲ ಹೇಳಿದ್ದರು. ನಾನು ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಒಂದೇ ಮಾತು, ಜೋಪಾನವಾಗಿ ಇಟ್ಟುಕೋ ಅಂತ.

ಅಕ್ಕ