ಯಾವ ಕಾರ್ಡು ಇಟ್ಟಿದ್ದೆ?

ಎಲ್ಕ್ ಪ್ರೇರಿ, ವಿಸ್ಕಾನ್ಸಿನ್
ಭಾನುವಾರ, ಜೂನ್ 9, 1996

ಪ್ರೀತಿಯ ಲವೋನ್‌ಗೆ,

‘ಪ್ರೀತಿಯ’ ಎಂದು ಬರೆಯುವ ಹಕ್ಕು ನನಗೆ ಇನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ನಲವತ್ತು ವರ್ಷದ ಅಭ್ಯಾಸ, ಬರೆದುಬಿಟ್ಟೆ. ಬೇಡವಾದರೆ ಆ ಪದವನ್ನು ಹೊಡೆದುಹಾಕಿ ಮುಂದೆ ಓದು. ಫೋನ್ ಮಾಡಿದಾಗಲೆಲ್ಲ ನಿನ್ನಕ್ಕ ಆರ್ಡಿಸ್ ಎತ್ತಿಕೊಂಡು, “ಅವಳು ಸ್ನಾನಕ್ಕೆ ಹೋಗಿದಾಳೆ” ಅನ್ನುತ್ತಾಳೆ. ಬೆಳಿಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ಹೀಗೇ ಆದರೆ ನೀವಿರುವ ಡುಲೂತ್‌ನ ಆ ದೊಡ್ಡ ಸರೋವರ ಈ ಬೇಸಿಗೆಯಲ್ಲೇ ಬತ್ತಿಹೋಗುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನ್ನ ಚೀಟಿ ಬಂತು. ಬರುವ ಶನಿವಾರ ಆರ್ಡಿಸ್‌ಳ ಪಿಕಪ್ ತಂದು ನಿನ್ನ ಸಾಮಾನು ಒಯ್ಯುವುದಾಗಿ ಬರೆದಿದ್ದೀಯ. ಬಟ್ಟೆ, ಹೊಲಿಗೆ ಯಂತ್ರ, ನಿಮ್ಮಮ್ಮನ ಪಿಂಗಾಣಿ ತಟ್ಟೆಗಳು. ಕೊನೆಗೆ, ನಿಮ್ಮಪ್ಪನ ಹುಲ್ಲು ಕತ್ತರಿಸುವ ಮೆಷಿನ್, ‘ಓಡಿದರೂ ಸರಿ, ಓಡದಿದ್ದರೂ ಸರಿ.’ ಆ ಮಾತು ಮುಖಕ್ಕೆ ಹೊಡೆದ ಹಾಗಾಯಿತು. ನಿಮ್ಮಪ್ಪ ತೀರಿಕೊಂಡ ಮೇಲೆ ಈ ಹನ್ನೊಂದು ವರ್ಷದಲ್ಲಿ ನೀನು ನನ್ನನ್ನು ಕೇಳಿದ ರಿಪೇರಿ ಅದೊಂದೇ. ಊರಿನವರ ಕೆಟ್ಟ ಮೆಷಿನ್‌ಗಳೆಲ್ಲ ಶನಿವಾರ ನನ್ನ ಗ್ಯಾರೇಜಿಗೆ ಬಂದು ಭಾನುವಾರ ಗುಡುಗುಡು ಎನ್ನುತ್ತ ಮನೆಗೆ ಹೋದವು. ನಿಮ್ಮಪ್ಪನದು ಮಾತ್ರ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತೇ ಇತ್ತು. ದೀಪದ ಕೆಳಗೆ ಕತ್ತಲು ಅನ್ನುವುದು ಸುಮ್ಮನೆ ಅಲ್ಲ.

ಹೋಗುವುದಾದರೆ ಅದು ಓಡುತ್ತಲೇ ಹೋಗಲಿ ಎಂದು ಹಟ ಹಿಡಿದೆ. ನಿಜ ಹೇಳಬೇಕೆಂದರೆ, ಅದರ ಸದ್ದು ಕೇಳಿದರೆ ನೀನು ಹೋಗದೆ ಉಳಿಯಬಹುದು ಎಂಬ ಆಸೆಯೂ ಇತ್ತು. ಅರವತ್ತೆಂಟರ ಮುದುಕನಿಗೆ ಇಂಥ ಹುಚ್ಚು ಆಸೆಗಳು ಬರುತ್ತವೆ.

ಲವೋನ್, ಆ ಮೆಷಿನ್ ನನ್ನನ್ನು ಅಳಿಸಿಬಿಟ್ಟಿತು. ಟ್ಯಾಂಕಿನ ಪೆಟ್ರೋಲು ಹಳೆಯದಾಗಿ ಬೆಲ್ಲದ ಪಾಕದಂತಾಗಿತ್ತು. ಕಾರ್ಬೊರೇಟರನ್ನು ನಾಲ್ಕು ಸಲ ಬಿಚ್ಚಿದೆ. ಮೊದಲೆಲ್ಲ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಮಾಡುತ್ತಿದ್ದ ಕೆಲಸ. ಎರಡನೇ ಸಲ, ಅಕ್ಕಿಕಾಳಿನಷ್ಟು ಸಣ್ಣ ಸ್ಕ್ರೂ ಒಂದು ಕೈಯಿಂದ ಹಾರಿ ಎಲ್ಲೋ ಬಿತ್ತು. ಅಯಸ್ಕಾಂತ ಹಿಡಿದು ಎರಡು ದಿನ ನೆಲದ ಮೇಲೆ ತೆವಳಿದೆ. ಸಿಕ್ಕಿತು, ನನ್ನ ಷರಾಯಿಯ ಮಡಿಕೆಯೊಳಗೆ. ಸಿಟ್ಟಿಗೆ ಸ್ಪ್ಯಾನರ್ ಎಸೆದೆ, ಅದು ಹೋಗಿ ಕಿಟಕಿಗೆ ಬಡಿಯಿತು. ಕೈಲಾಗದವನು ಮೈ ಪರಚಿಕೊಂಡ ಎನ್ನುತ್ತಾರಲ್ಲ, ನಾನು ಗಾಜನ್ನೂ ಒಡೆದುಕೊಂಡೆ. ರಟ್ಟು ಅಂಟಿಸಿದ್ದೇನೆ, ನೋಡಿ ಬೈಯಬೇಡ.

ಇತ್ತ ಅಂಗಳದ ಹುಲ್ಲು ಮೊಣಕಾಲಿಗೆ ಬಂದಿದೆ. ಪಕ್ಕದ ಮನೆಯ ರೋಲಿಯ ಬಾಯಿ ನಿನಗೆ ಗೊತ್ತೇ ಇದೆ. ಬೇಲಿಯ ಆಚೆಯಿಂದ ಕೂಗುತ್ತಾನೆ: “ಏನಯ್ಯಾ ಡೆಲ್ಮರ್, ಊರಿಗೆಲ್ಲಾ ಮೆಷಿನ್ ಡಾಕ್ಟ್ರು, ನಿಮ್ಮನೆ ಮುಂದೆ ಮಾತ್ರ ಜಿಂಕೆ ಮೇಯ್ತಾವಲ್ಲೋ! ರಿಪೇರಿ ಮಾಡ್ತಿದೀಯೋ, ಪೋಸ್ಟ್‌ಮಾರ್ಟಂ ಮಾಡ್ತಿದೀಯೋ?” ನಗುತ್ತಲೇ ಹೇಳುತ್ತಾನೆ. ನನಗೆ ಮಾತ್ರ ಗಾಯದ ಮೇಲೆ ಉಪ್ಪು ಸುರಿದ ಹಾಗಾಗುತ್ತದೆ.

ನಿನ್ನೆ ಶನಿವಾರ ಎಲ್ಲವನ್ನೂ ಜೋಡಿಸಿ ಮುಗಿಸಿದ್ದೆ. ಹಗ್ಗ ಎಳೆದೆ. ಇಲ್ಲ. ಮೂವತ್ತು ಸಲ, ನಲವತ್ತು ಸಲ ಎಳೆದೆ. ಒಮ್ಮೆ ಕೆಮ್ಮಿತು, ಅಷ್ಟೇ. ಭುಜ ಬಿದ್ದುಹೋಗಿ ಮೆಷಿನ್‌ಗೇ ಒದೆಯುತ್ತಿದ್ದಾಗ ರೋಲಿ ಬೇಲಿ ದಾಟಿ ಬಂದ. ಪ್ಲಗ್ ಬಿಚ್ಚಿ ನೋಡಿ, “ಕಿಡಿ ಬರ್ತಾ ಇದೆಯೇನೋ?” ಎಂದ. ಇದ್ದೂ ಇಲ್ಲದ ಹಾಗೆ ಬರುತ್ತಿದೆ ಎಂದೆ. ಆಗ ಅವನು, ನಮ್ಮ ಕಸುಬಿನವರು ಯಾರಾದರೂ ಕೇಳುವ ಪ್ರಶ್ನೆಯನ್ನೇ ಕೇಳಿದ.

“ಯಾವ ಕಾರ್ಡು ಇಟ್ಟಿದ್ದೆ?”

ವಿಮೆ ಏಜೆಂಟರ ಕಾರ್ಡುಗಳಿಗೆಲ್ಲ ನಾನು ಮಸಿ ಮೆತ್ತುತ್ತೇನೆಂದು ನೀನು ಬೈಯುತ್ತಿದ್ದೆಯಲ್ಲ, ಅದೇ ಕೆಲಸ. ಕಿಡಿ ಕೊಡುವ ಕಾಯಿಲ್‌ಗೂ ತಿರುಗುವ ಚಕ್ರಕ್ಕೂ ನಡುವೆ ಒಂದು ಕಾರ್ಡಿನ ದಪ್ಪದಷ್ಟೇ ಸಂದು ಇರಬೇಕು. ಕಾರ್ಡು ಇಟ್ಟು, ಸ್ಕ್ರೂ ಬಿಗಿದು, ಕಾರ್ಡು ಎಳೆದುಕೊಂಡರೆ ಆಯಿತು. ನಾನು ಜೇಬಿಗೆ ಕೈಹಾಕಿದಾಗ ಸಿಕ್ಕ ಕಾರ್ಡನ್ನೇ ಇಟ್ಟಿದ್ದೆ. ಅದು ಬೆಂಚಿನ ಮೇಲೆ ಬಿದ್ದಿತ್ತು. ಮುಚ್ಚಿಡುವಷ್ಟರಲ್ಲಿ ರೋಲಿ ಎತ್ತಿಕೊಂಡ.

“ಇದು ಎರಡು ಮಡಿಕೆ ಕಣೋ ಪೆದ್ದ! ಇಷ್ಟು ದಪ್ಪ ಇಟ್ರೆ ಕಿಡಿ ಎಲ್ಲಿಂದ ಬರತ್ತೆ?” ಎಂದು ನಕ್ಕು ಅದನ್ನು ಬಿಡಿಸಿದ. ಅದು ಆಸ್ಪತ್ರೆಯವರು ದಿನ ಗೊತ್ತುಮಾಡಿ ಕಳಿಸಿದ ಕಾರ್ಡು. ಕನ್ನಡಕ ಏರಿಸಿ ಓದಿದ. ನಗು ನಿಂತಿತು. “ನರದ ಡಾಕ್ಟ್ರಾ? ಮೇ ಮೂವತ್ತು... ಆಗ್ಲೇ ಆಗಿಹೋಯ್ತಲ್ಲೋ. ಹೋಗಿದ್ಯಾ?”

ಇಲ್ಲ, ಗ್ಯಾರೇಜಿನಲ್ಲಿ ಕೆಲಸವಿತ್ತು ಎಂದೆ.

“ಕೈ ತೋರ್ಸು.”

ತೋರಿಸಿದೆ. ಲವೋನ್, ನನ್ನ ಬಲಗೈ ಈಗ ನನ್ನ ಮಾತು ಕೇಳುವುದಿಲ್ಲ. ಸುಮ್ಮನಿರು ಎಂದಷ್ಟೂ ನಡುಗುತ್ತದೆ. ಹೋದ ವರ್ಷ ನವೆಂಬರಿನಲ್ಲಿ, ಜಿಂಕೆ ಬೇಟೆಯ ಹೊತ್ತಿಗೆ ಹೆಬ್ಬೆರಳಿನಿಂದ ಶುರುವಾಯಿತು.

“ಲವೋನ್‌ಗೆ ಗೊತ್ತಾ?” ಎಂದ. ಇಲ್ಲ ಎಂದೆ. “ಕತ್ತೆ ಕಣೋ ನೀನು. ಆ ಹೆಂಗಸು ನಿನ್ನ ಇಂಜಿನ್‌ಗಳೇ ತನಗೆ ಸವತಿ ಅಂದ್ಕೊಂಡು ಮನೆ ಬಿಟ್ಟು ಹೋಗಿದಾಳೆ, ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯ!” ಅಷ್ಟು ಹೇಳಿ ತನ್ನ ಪರ್ಸಿನಿಂದ ಮೀನಿನ ಗಾಳದ ಅಂಗಡಿಯ ತೆಳ್ಳನೆಯ ಕಾರ್ಡು ತೆಗೆದ. ತಾನೇ ಇಟ್ಟ, ತಾನೇ ಬಿಗಿದ, ತಾನೇ ಹಗ್ಗ ಎಳೆದ. ಮೂರನೇ ಎಳೆತಕ್ಕೆ ಮೆಷಿನ್ ನೀಲಿ ಹೊಗೆ ಬಿಟ್ಟು ಓಡತೊಡಗಿತು.

ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು. ನೀನು ನನ್ನಿಂದ ಬಯಸಿದ ಒಂದೇ ಒಂದು ಕೆಲಸ, ಕೊನೆಗೆ ಪಕ್ಕದ ಮನೆಯವನ ಕೈಯಲ್ಲಿ ಆಯಿತು. ನಾನು ಗ್ಯಾರೇಜಿನ ಹಿಂದೆ ಹೋಗಿ ಗೋಡೆಗೆ ಮುಖಮಾಡಿ ನಿಂತೆ.

ಈಗ ನಮ್ಮ ಮದುವೆಯ ನಲವತ್ತನೇ ವರ್ಷದ ಹಬ್ಬದ ಮಾತಿಗೆ ಬರುತ್ತೇನೆ. ಚರ್ಚಿನ ನೆಲಮಾಳಿಗೆಯಲ್ಲಿ ಎಂಬತ್ತು ಜನ ಕೂತಿದ್ದರು, ಕೇಕು ಇತ್ತು, ನೀನು ಆ ನೀಲಿ ಉಡುಪು ಹಾಕಿಕೊಂಡು ಬಾಗಿಲು ನೋಡುತ್ತಿದ್ದೆಯಂತೆ. ನಾನು ಬರಲಿಲ್ಲ. ಯಾರದೋ ಇಂಜಿನ್ ಮುಗಿಸಬೇಕಿತ್ತು, ಹೊತ್ತು ಹೋದದ್ದು ತಿಳಿಯಲಿಲ್ಲ ಎಂದೆ. ಅದು ಸುಳ್ಳು. ಕೋಟು ಹಾಕಿಕೊಂಡು, ಶೂ ಕಟ್ಟಿಕೊಂಡು ಗ್ಯಾರೇಜಿನ ಸ್ಟೂಲಿನ ಮೇಲೆ ಎರಡು ಗಂಟೆ ಸುಮ್ಮನೆ ಕೂತಿದ್ದೆ. ಅಲ್ಲಿಗೆ ಬಂದಿದ್ದರೆ ಪದ್ಧತಿಯಂತೆ ಆ ಬೆಳ್ಳಿಯ ಹೂಜಿ ಎತ್ತಿ ಎಲ್ಲರಿಗೂ ನಾನೇ ಕಾಫಿ ಸುರಿಯಬೇಕಿತ್ತು, ಬಟ್ಟಲು ನೀನು ಹಿಡಿಯಬೇಕಿತ್ತು. ಎಂಬತ್ತು ಜನರೆದುರು ನಿನ್ನ ಕೈ ಸುಡುತ್ತಿದ್ದೆ. ಅದಕ್ಕಿಂತ ನೀನು ನನ್ನನ್ನು ದ್ವೇಷಿಸುವುದೇ ವಾಸಿ ಅನಿಸಿತು. ಆ ಚಳಿಗಾಲವೆಲ್ಲ ಊಟದ ತಟ್ಟೆಯನ್ನು ಗ್ಯಾರೇಜಿಗೆ ಒಯ್ದದ್ದೂ ಇಂಜಿನ್‌ಗಳ ಮೇಲಿನ ಮೋಹದಿಂದಲ್ಲ. ಸೂಪು ಬಾಯಿಗೆ ಹೋಗುವಷ್ಟರಲ್ಲಿ ಚಮಚ ಖಾಲಿಯಾಗುತ್ತಿತ್ತು. ನಾಚಿಕೆ ಆಗುತ್ತಿತ್ತು, ಲವೋನ್. ಹೆಂಡತಿಯ ಎದುರು ನಾಚಿಕೆ!

ಶನಿವಾರ ಬಾ. ಮೆಷಿನ್ ಓಡುತ್ತದೆ. ಒಯ್ಯುವುದಾದರೆ ಒಯ್ಯಿ, ರೋಲಿ ಪಿಕಪ್‌ಗೆ ಎತ್ತಿಡುತ್ತಾನೆ. ಅದಕ್ಕೆ ಮೊದಲು ಅಡುಗೆಮನೆಯಲ್ಲಿ ನನ್ನೆದುರು ಐದು ನಿಮಿಷ ಕೂತುಕೋ. ಕಾಫಿ ನಾನೇ ಸುರಿಯುತ್ತೇನೆ. ಚೆಲ್ಲುತ್ತದೆ. ಚೆಲ್ಲುವುದನ್ನು ನೋಡಿ, ಆಮೇಲೆ ಏನು ಮಾಡಬೇಕೋ ಮಾಡು.

ಬೇಡವೆಂದರೂ ನಿನ್ನವನೇ ಆದ,
ಡೆಲ್ಮರ್

ತಾ.ಕ.: ಅಂಟಿಸಿದ ಲಕೋಟೆ ಒಡೆದು ಇದನ್ನು ಸೇರಿಸುತ್ತಿದ್ದೇನೆ. ರೋಲಿಗೆ ಹೇಳಿದ್ದು ಸುಳ್ಳು. ಮೇ ಮೂವತ್ತರಂದು ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರಮ್ಮ ನನ್ನನ್ನು ನಡೆಸಿ ನೋಡಿದರು, ಬೆರಳು ತಟ್ಟಿಸಿ ನೋಡಿದರು. ಆಮೇಲೆ, “ಜೊತೆಗೆ ಯಾರು ಬಂದಿದಾರೆ?” ಎಂದರು. ಹೆಂಡತಿ ಬಂದಿದ್ದಾಳೆ, ಕಾರಿನಲ್ಲಿ ಕೂತಿದ್ದಾಳೆ ಎಂದೆ. “ಹಾಗಾದ್ರೆ ಅವರನ್ನೂ ಕರೀರಿ. ಇದನ್ನ ಇಬ್ಬರಿಗೂ ಒಟ್ಟಿಗೇ ಹೇಳ್ಬೇಕು” ಎಂದರು. ಕರೆದುಕೊಂಡು ಬರುತ್ತೇನೆ ಎಂದು ಹೊರಗೆ ಬಂದೆ. ಕಾರಿನಲ್ಲಿ ನಿನ್ನ ಖಾಲಿ ಸೀಟಿನ ಪಕ್ಕದಲ್ಲಿ ಅರ್ಧ ಗಂಟೆ ಕೂತೆ. ಆಮೇಲೆ ಮನೆಗೆ ಬಂದುಬಿಟ್ಟೆ.