ತೊಳೆದಿಟ್ಟ ಟ್ಯೂಬು

ಕ್ಲಾರ್ಕ್ಸ್‌ಬರ್ಗ್, ಜೂನ್ 2014

ಚಿಗವ್ವಾ, ಶರಣು.

"ಹೋಟೆಲ್ ಯಾಕ, ನಮ್ಮ ಶಿವಬಸಮ್ಮನ ಮನಿ ಐತಲ್ಲ" ಎಂದು ನನ್ನನ್ನು ಇಲ್ಲಿಗೆ ಕಳಿಸಿದವಳು ನೀನೇ. ಅದರ ಫಲ ಕೇಳು. ಆರ್‌ಎನ್‌ಎ ಸಮ್ಮೇಳನ ಇವತ್ತು ಮುಗಿಯಿತು. ಹೊರಡುವಾಗ ಜಪಾನಿನ ಗೆಳತಿಯೊಬ್ಬಳು, ನಾನು ಎರಡು ವರ್ಷದಿಂದ ಬೇಡುತ್ತಿದ್ದ ಆರ್‌ಎನ್‌ಎಯನ್ನು ಪುಟ್ಟ ಟ್ಯೂಬಿನಲ್ಲಿ ಕೊಟ್ಟಳು. ಬಿಸಿ ತಗುಲಿದರೂ ಕೈ ತಗುಲಿದರೂ ಕೆಡುವ ವಸ್ತು ಅದು. ಮನೆಗೆ ತಂದು ಫ್ರೀಜರಿನಲ್ಲಿಟ್ಟು, ಬಟ್ಟೆ ತುಂಬಿಕೊಳ್ಳಲು ಮಹಡಿಗೆ ಹೋದೆ. ಇಳಿದು ಬಂದು ನೋಡಿದರೆ, ಟ್ಯೂಬು ಸಿಂಕಿನ ಪಕ್ಕ ಸ್ಟೀಲ್ ಲೋಟಗಳ ನಡುವೆ ಬೋರಲಾಗಿ ಕೂತಿದೆ!

"ನಿಮ್ಮ ಚಿಗವ್ವಗ ಹೂರಣದ ಹೋಳಿಗಿ ಮಾಡೇನಿ, ಫ್ರೀಜರಿನ್ಯಾಗ ಜಾಗ ಬೇಕಿತ್ತು. ಅದರಾಗ ಒಂದೀಟ ನೀರಿತ್ತವ್ವಾ, ಚೆಲ್ಲಿ, ಸೋಪು ಹಚ್ಚಿ ತೊಳದ ಇಟ್ಟೇನಿ" ಎಂದರು ಶಿವಬಸಮ್ಮ ಆಂಟಿ. ಏನೆಂದು ಬಯ್ಯಲಿ? ಥ್ಯಾಂಕ್ಸ್ ಹೇಳಿದೆ.

ಆರೋಗ್ಯ ಸರಿಯಿದೆ, ತಲೆ ಮಾತ್ರ ಕೆಟ್ಟಿದೆ. ಟ್ಯೂಬಿಗೆಂದು ತಂದಿದ್ದ ಐಸ್ ಪೆಟ್ಟಿಗೆಯಲ್ಲಿ ನಾಳೆ ನನ್ನ ಜೊತೆ ನಿನ್ನ ಹೋಳಿಗೆ ಬರುತ್ತಿವೆ. ಈ ಕಾರ್ಡು ತಲುಪುವ ಮೊದಲೇ ತಿಂದು ಮುಗಿಸಿರುತ್ತೀ. ರುಚಿಯಾಗಿದ್ದವು ಎಂದು ನನ್ನೆದುರು ಮಾತ್ರ ಹೇಳಬೇಡ.

ನೀಲಾ