ನಾಲ್ಕು ಮಿಲಿಮೀಟರ್

ನವೆಂಬರ್ 4, ಬೆಳಿಗ್ಗೆ 9.30

ಗೇರ್‌ಬಾಕ್ಸ್ ತೊಳೆದು ಒರೆಸಿ ಬೆಂಚಿನ ಮೇಲಿಟ್ಟಾಯಿತು. ಒಳಗೆ ಹಲ್ಲು ಒಂದೂ ಸವೆದಿಲ್ಲ. ಹಲ್ಲಿನ ಡಾಕ್ಟರ ಕಾರಲ್ಲವೇ! ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಇಂಜಿನ್ ಜಾಮ್ ಆಗಿ ಎರಡು ವರ್ಷ ನಿಂತಿತ್ತು. ಈಗ ಬೇರೆ ಮಾಡೆಲ್‌ನ ದೊಡ್ಡ ಇಂಜಿನ್ ಹುಡುಕಿ ತಂದಿದ್ದಾರೆ. ಅದು ಶೆಡ್ಡಿನ ನಡುಗೋಡೆಯ ಆಚೆ, ಅಣ್ಣನ ಕಡೆ. ಹಳೆಯ ಗೇರ್‌ಬಾಕ್ಸ್ ಈಚೆ, ನನ್ನ ಕಡೆ. ಎರಡೂ ಕೂಡುತ್ತವೋ ಇಲ್ಲವೋ, ನಾವು ನೋಡಿ ಹೇಳಬೇಕು.

‘ನಾವು’ ಎಂದು ಬರೆದುಬಿಟ್ಟೆ. ಮಾತು ಬಿಟ್ಟು ಎಂಟು ತಿಂಗಳಾಯಿತು.

ನವೆಂಬರ್ 5, ಮಧ್ಯಾಹ್ನ

ಅತ್ತಿಗೆ ಚೀಟಿ ತಂದರು. ಜೊತೆಗೆ ಒಂದು ರಟ್ಟು. ಅಣ್ಣ ಅದನ್ನು ಇಂಜಿನ್ನಿನ ಹಿಂಭಾಗಕ್ಕೆ ಒತ್ತಿ ಬೋಲ್ಟ್ ತೂತುಗಳ ಅಚ್ಚು ತೆಗೆದಿದ್ದಾನೆ. ನನ್ನ ಗೇರ್‌ಬಾಕ್ಸಿನ ಹೌಸಿಂಗ್, ಅಂದರೆ ಹೊರಕವಚದ ಮೇಲಿಟ್ಟೆ. ತೂತಿಗೆ ತೂತು ಕೂಡಿತು. ಕೆಲಸದಲ್ಲಿ ಅವನನ್ನು ಬೆರಳು ಮಾಡಿ ತೋರಿಸುವಂತಿಲ್ಲ, ಅದೇ ಕಷ್ಟ. ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ.

ಅತ್ತಿಗೆ ಸೊಂಟಕ್ಕೆ ಕೈಕೊಟ್ಟು ನಿಂತರು. “ನಾನೇನು ಪೋಸ್ಟ್‌ಮ್ಯಾನಾ? ಮಧ್ಯ ಇರೋದು ಪ್ಲೈವುಡ್ ಗೋಡೆ. ಒಬ್ಬರು ಕೆಮ್ಮಿದ್ರೆ ಇನ್ನೊಬ್ಬರಿಗೆ ಕೇಳತ್ತೆ.”

“ಅವನು ಮೊದಲು ಮಾತಾಡ್ಲಿ, ಅತ್ತಿಗೆ.”

“ನಿಮ್ಮಣ್ಣನೂ ಇದನ್ನೇ ಅಂದ್ರು. ಒಂದೇ ಅಚ್ಚಲ್ಲಿ ತೆಗೆದಿದ್ದಾರೆ ಅಣ್ಣ-ತಂಗಿ ಇಬ್ಬರನ್ನೂ!”

ನಗು ಬಂತು. ನುಂಗಿಕೊಂಡೆ.

ನವೆಂಬರ್ 7, ಸಂಜೆ 4

ಶಾಫ್ಟಿನ ಮೇಲಿನ ಹಲ್ಲುಗೆರೆಗಳನ್ನು, ಸ್ಪ್ಲೈನ್‌ಗಳನ್ನು, ಎಣಿಸಿದೆ. ಅವನ ಕ್ಲಚ್ ಪ್ಲೇಟು ನನ್ನ ಶಾಫ್ಟಿಗೆ ಹತ್ತುವುದಿಲ್ಲ. ನನ್ನ ಹಳೆಯ ಪ್ಲೇಟೇ ಅವನ ಇಂಜಿನ್ನಿನ ಫ್ಲೈವೀಲಿಗೆ ಸರಿಹೋಗುತ್ತದೆ. ಆ ತಲೆನೋವು ತೀರಿತು.

ಉಳಿದದ್ದು ಆಳ. ಗೇರ್‌ಬಾಕ್ಸಿನ ಶಾಫ್ಟಿನ ಮೂತಿ ಇಂಜಿನ್ನಿನ ಕ್ರ್ಯಾಂಕಿನ ತೂತಿನೊಳಗೆ ಹೋಗಿ ಕೂರಬೇಕು, ತಳಕ್ಕೆ ತಾಗಬಾರದು. ನನ್ನ ಶಾಫ್ಟ್ ಹೊರಗೆ ಚಾಚಿರುವುದು ಇಪ್ಪತ್ತನಾಲ್ಕು ಮಿಲಿಮೀಟರ್. ಇಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಒಂದು ಉಕ್ಕಿನ ಪ್ಲೇಟ್ ಕೂರುತ್ತದೆ, ನಾಲ್ಕರ ದಪ್ಪ. ಅದನ್ನು ಕಳೆದು ‘20’ ಎಂದು ಬರೆದು ಕಳಿಸಿದೆ. “ನಡುವಿನ ಪ್ಲೇಟಿನ ಲೆಕ್ಕ ನೀನೇ ಹಿಡಿ, ಇನ್ನೊಬ್ಬರು ಹಿಡೀತಾರೆ ಅಂತ ಬಿಡಬೇಡ” — ಅಪ್ಪ ಕಲಿಸಿದ್ದು.

ಅಪ್ಪ... ಮಾರ್ಚ್‌ನಲ್ಲಿ ಆಸ್ಪತ್ರೆಯವರು ‘ಇನ್ನೊಂದು ವಾರ’ ಎಂದದ್ದು ಅಣ್ಣನಿಗೆ ಗೊತ್ತಿತ್ತು. ನಾನು ಪರವೂರಿನಲ್ಲಿ ಬಸ್ಸಿನ ಗೇರ್‌ಬಾಕ್ಸ್ ಬಿಚ್ಚಿಕೊಂಡು ಕುಳಿತಿದ್ದೆ. ದಿನವೂ ಫೋನ್ ಮಾಡಿದೆ. ದಿನವೂ “ಆರಾಮಾಗಿದ್ದಾರೆ” ಎಂದ. ಬಂದಾಗ ಅಪ್ಪನ ಕೈ ತಣ್ಣಗಿತ್ತು. ಇದನ್ನು ಕ್ಷಮಿಸಲು ನನ್ನಿಂದಾಗಿಲ್ಲ. ಅಣ್ಣ ಬೇಕು ಎನ್ನುವುದೂ ಅಷ್ಟೇ ನಿಜ.

ನವೆಂಬರ್ 8

ಚೀಟಿ ಬಂತು. ತೂತಿನ ಆಳ 23. ಶಾಫ್ಟ್ 20. ಮೂರು ಮಿಲಿಮೀಟರ್ ಬಿಡುವು. ಹಾಲು ಕುಡಿದಷ್ಟು ಸಂತೋಷ. ಡಾಕ್ಟರಿಗೆ ‘ಕೂಡುತ್ತದೆ’ ಎಂದು ಹೇಳಿಯೂ ಬಿಟ್ಟೆ.

ನವೆಂಬರ್ 12, ಬೆಳಿಗ್ಗೆ 11.45

ಆದದ್ದನ್ನು ಆದ ಹಾಗೆಯೇ ಬರೆದುಬಿಡುತ್ತೇನೆ.

ಗೇರ್‌ಬಾಕ್ಸ್ ಆಚೆ ಕಡೆ ಸಾಗಿಸಿದೆ. ಅವನು ಜ್ಯಾಕ್ ಎತ್ತಿದ, ನಾನು ತಳ್ಳಿದೆ. ಇಬ್ಬರೂ ಮೂಕರು. ಶಾಫ್ಟ್ ಒಳಗೆ ಜಾರಿತು, ಪ್ಲೇಟ್ ಕೂತಿತು, ಆದರೆ ಕೊನೆಗೆ ಉಗುರಿನ ದಪ್ಪದಷ್ಟು ಸಂದು ಉಳಿಯಿತು. ಎರಡನ್ನೂ ನೇರಕ್ಕೆ ಕೂರಿಸುವ ಪಿನ್ ಬಿಗಿಯಾಗಿರಬೇಕು, ಬೋಲ್ಟ್ ಎಳೆದುಕೊಳ್ಳುತ್ತದೆ ಎಂದುಕೊಂಡಿರಬೇಕು ಅವನು. ಸ್ಪ್ಯಾನರ್ ಹಾಕಿದ. ಕಾಲು ಸುತ್ತು ತಿರುಗಿಸಿದ. ಹೌಸಿಂಗ್ ಮೇಲಿದ್ದ ನನ್ನ ಅಂಗೈಗೆ ಗೊತ್ತಾಯಿತು. ಪಿನ್ ಹೀಗೆ ತಡೆಯುವುದಿಲ್ಲ. ಇದು ತೂತಿನ ತಳ.

“ಅಣ್ಣಾ, ಬಿಗಿಬೇಡ!”

ಶೆಡ್ಡಿಗೆಲ್ಲ ಕೇಳಿರಬೇಕು. ಸ್ಪ್ಯಾನರ್ ಬಿಟ್ಟ. ಅದೇ ಕ್ಷಣ ಬಿಟ್ಟ. ಯಾಕೆ ಎಂದೂ ಕೇಳಲಿಲ್ಲ.

ಬಿಗಿದಿದ್ದರೆ ಶಾಫ್ಟ್ ಕ್ರ್ಯಾಂಕನ್ನು ಮುಂದಕ್ಕೆ ಒತ್ತುತ್ತಿತ್ತು. ಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೆ ಇಂಜಿನ್ ಮಣ್ಣುಪಾಲು.

ಅದೇ ದಿನ, ಸಂಜೆ 5

ಬಿಚ್ಚಿ, ಒಂದೇ ಬೆಂಚಿನ ಮೇಲೆ, ಒಂದೇ ವರ್ನಿಯರ್ ಅಳತೆಪಟ್ಟಿಯಲ್ಲಿ ಅಳೆದೆವು. ಬರಿಯ ತೂತಿನ ಆಳ ಹತ್ತೊಂಬತ್ತೇ.

“ನೀನು ಇಪ್ಪತ್ಮೂರು ಅಂತ ಬರೆದಿದ್ದೆ.”

“ಪ್ಲೇಟ್ ನಾಲ್ಕು ಸೇರಿಸಿದ್ದೆ. ಪ್ಲೇಟ್ ಬಂದ್ರೆ ಅಷ್ಟು ಜಾಗ ಸಿಗತ್ತಲ್ಲ.”

“ನಾನೂ ನಾಲ್ಕು ಕಳೆದಿದ್ದೆ.”

ಮುಖ ಮುಖ ನೋಡಿಕೊಂಡೆವು. ಒಂದು ಪ್ಲೇಟು, ಎರಡು ಸಲ ಲೆಕ್ಕ; ಹತ್ತೊಂಬತ್ತರ ತೂತಿಗೆ ಇಪ್ಪತ್ತರ ಶಾಫ್ಟ್. ಅಪ್ಪ ಇಬ್ಬರಿಗೂ ಬೇರೆ ಬೇರೆಯಾಗಿ ಅದೇ ಮಾತು ಹೇಳಿಕೊಟ್ಟಿದ್ದರು. ಅವರಿದ್ದಾಗ ಇಬ್ಬರೂ ಕೂಗಿ ಕೂಗಿ ಅಳೆಯುತ್ತಿದ್ದೆವು, ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಚೀಟಿ ಎದುರು ಮಾತಾಡುವುದಿಲ್ಲ.

ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. “ಪೋಸ್ಟ್ ಆಫೀಸ್ ಮುಚ್ಚಿತು ಅಂತ ತಿಳ್ಕೊಳ್ಳಲಾ?”

ಅಣ್ಣನ ಕಿವಿ ಕೆಂಪಾಗಿತ್ತು.

ನವೆಂಬರ್ 13, ಮಧ್ಯಾಹ್ನ 3

ಶಾಫ್ಟಿನ ಮೂತಿಯನ್ನು ನಾಲ್ಕು ಮಿಲಿಮೀಟರ್ ಉಜ್ಜಿ ಇಳಿಸಿದರೆ ಸಾಕು, ಮೊದಲು ಎಣಿಸಿದ್ದ ಮೂರರ ಬಿಡುವು ಸಿಗುತ್ತದೆ. ಬೇರಿಂಗಿಗೆ ಹಿಡಿತ ಉಳಿಯುತ್ತದೆ. ಅಣ್ಣ ಗ್ರೈಂಡಿಂಗ್‌ಗೆ ಕುಳಿತ. ನಾನು ನೀರು ಹಾಕುತ್ತಿದ್ದೆ, ಮೂತಿ ಕಾಯಬಾರದು. ನಡುವೆ ಮಷಿನ್ ನಿಲ್ಲಿಸಿದ. ಕಣ್ಣು ಶಾಫ್ಟಿನ ಮೇಲೆಯೇ.

“ಹೇಳಬೇಡ ಅಂದಿದ್ದು ಅಪ್ಪ. ‘ನನ್ನನ್ನ ಈ ಸ್ಥಿತೀಲಿ ಅವಳು ನೋಡೋದು ಬೇಡ’ ಅಂದ್ರು. ನನ್ನ ಕೈಲಿ ಆಣೆ ಮಾಡಿಸ್ಕೊಂಡ್ರು.”

ನೀರಿನ ಮಗ್ಗು ಕೆಳಗಿಟ್ಟೆ. “ಎಂಟು ತಿಂಗಳಲ್ಲಿ ಒಂದು ದಿನ ಹೇಳೋಕಾಗಲಿಲ್ವಾ?”

“ಹೇಳಿದ್ರೆ ನಿನ್ನ ಸಿಟ್ಟು ಅಪ್ಪನ ಮೇಲೆ ಹೋಗ್ತಿತ್ತು. ಅವರ ಹತ್ರ ಜಗಳ ಆಡೋಕೆ ಆಗತ್ತಾ ಇನ್ನು? ನನ್ನ ಹತ್ರ ಆದ್ರೆ ಆಡಬಹುದು. ನಾನಿಲ್ಲೇ ಇರ್ತೀನಲ್ಲ.”

ಮತ್ತೆ ಮಷಿನ್ ಹಾಕಿದ. ನಾನು ಅತ್ತುಬಿಟ್ಟೆ. ಸದ್ದಿಗೆ ಕೇಳಿಸಿರಲಾರದು. ಕೇಳಿಸಿದರೂ ಏನಾಯಿತು, ಅವನೂ ಮುಖ ತಿರುಗಿಸಿಕೊಂಡೇ ಕೆಲಸ ಮಾಡುತ್ತಿದ್ದ.

ನವೆಂಬರ್ 14, ಬೆಳಿಗ್ಗೆ 8

ಅವನು ಹೇಳಿದ ಹಾಗೆಯೇ ಆಯಿತು. ಎದ್ದಾಗಿನಿಂದ ಅಪ್ಪನ ಮೇಲೆ ಕೆಂಡದಂಥ ಸಿಟ್ಟು. ಕೊನೆಗೊಂದು ಸಲ ನೋಡುವುದು ಬೇಕೋ ಬೇಡವೋ ಎಂದು ನನ್ನನ್ನು ಕೇಳಬೇಕಿತ್ತಲ್ಲ! ಯಾರ ಹತ್ತಿರ ಆಡಲಿ ಈ ಜಗಳ...

ಆಚೆ ಶಟರ್ ಎತ್ತಿದ ಸದ್ದು. ಬಂದ. ಹೋಗಿ ಅವನ ಹತ್ತಿರವೇ ಆಡುತ್ತೇನೆ.